ಮೂಸಣ್ಣನ ಹೆಗಲ ಮೇಲಿನ ಚೀಲ

"ಚಿಕ್ಕಮ್ಮ, ಅದರೊಳಗೆ ತಲೆ ಹಾಕ್ಬೇಡಿ. ಆಮೇಲೆ ನಿಮ್ಮನ್ನ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋಗ್ಬೇಕಾಗುತ್ತೆ," ಅಂದ ಅರ್ವಿ.

ನಾನು ಹಾಕಿಯೇ ಬಿಟ್ಟೆ.

ವಿಶ್ವವಿದ್ಯಾಲಯದ ಮೆರವಣಿಗೆಗಳಲ್ಲಿ ಕುಣಿಯುವ ದೈತ್ಯ ಜಿಂಕೆಯ ವೇಷ ನಮ್ಮ ಮೂಸಣ್ಣ; ಅವನ ತಲೆ ಅಂದರೆ ಸಾಮಾನ್ಯವೇ? ಒಂದು ಕೊಂಬು ಈ ಗೋಡೆಗೆ ತಾಗಿದರೆ ಇನ್ನೊಂದು ಆ ಗೋಡೆಗೆ. ಒಳಗಿನ ವಾಸನೆಯೋ, ನಮ್ಮ ಸರೋವರದ ಮೀನುಗಳೆಲ್ಲ ಒಟ್ಟಿಗೆ ಸತ್ತು ದಡಕ್ಕೆ ಬಿದ್ದರೂ ಅದಕ್ಕೆ ಸಾಟಿಯಾಗದು. ನನ್ನ ಗಂಡ ಊನೋ ಬದುಕಿದ್ದಾಗ ಗಣಿಯಿಂದ ಬಂದು ಬಿಚ್ಚಿಡುತ್ತಿದ್ದ ಕಾಲುಚೀಲ ಇದರ ಮುಂದೆ ಗುಲಾಬಿ ಹೂ.

"ಒದ್ದೆ ಇದೆ," ಅಂದೆ, ತಲೆ ಹೊರಗೆ ತೆಗೆದು ಉಸಿರು ಬಿಡುತ್ತ.

"ಬೆಳಿಗ್ಗೆಯೆಲ್ಲ ಕುಣಿದಿದ್ದಾನೆ. ಒದ್ದೆ ಇರದೆ ಇನ್ನೇನು?"

ಬೆಳಿಗ್ಗೆ ಆದದ್ದಿಷ್ಟು: ಗ್ರಂಥಾಲಯದ ಮುಂದಿನ ಪೆಟ್ಟಿಗೆಯಿಂದ ನಾನೂ ಮಾರಿಸೋಲ್ ಓಚೋವಾ ಎಂಬ ಹುಡುಗಿಯೂ ತೆಗೆದ ಮತಪತ್ರಗಳ ಚೀಲ, ಮೂಸಣ್ಣ ಮುಂದೆ ಕುಣಿಯುತ್ತಿದ್ದ ವಿದ್ಯಾರ್ಥಿಗಳ ಮತದಾನದ ಮೆರವಣಿಗೆ ಹಾದುಹೋಗುವಷ್ಟರಲ್ಲಿ, ನನ್ನ ಕಾರಿನ ಡಿಕ್ಕಿಯಿಂದ ಮಾಯವಾಗಿತ್ತು. ಅದೇ ಹೊತ್ತಿಗೆ ಮಾರಿಸೋಲ್ ಕೂಡ ಮಾಯವಾಗಿ, ಆಮೇಲೆ ಬರಿಗೈಯಲ್ಲಿ ಏದುಸಿರು ಬಿಡುತ್ತ ಬಂದಿದ್ದಳು. ಎಲ್ಲಿಗೆ ಹೋಗಿದ್ದೆ ಅಂದರೆ ಬಾಯಿಗೆ ಬೀಗ.

ಈಗ ಹೊರಗೆ ಕತ್ತಲಾಗಿತ್ತು. ಹಿಮ ಬೀಳುತ್ತಿತ್ತು. ಮಾರಿಸೋಲ್ ವಿದ್ಯಾರ್ಥಿ ಭವನದ ಇದೇ ನೆಲಮಾಳಿಗೆಯಲ್ಲಿ, ಪಕ್ಕದ ಪೊಲೀಸ್ ಕೋಣೆಯಲ್ಲಿ ಕೂತಿದ್ದಳು. ಅವಳನ್ನು ಕರೆದೊಯ್ಯಲು ರಾಜ್ಯ ಪೊಲೀಸರು ಹಿಮದ ರಸ್ತೆಯಲ್ಲಿ ಆಮೆಯ ಹಾಗೆ ಬರುತ್ತಿದ್ದರು. ಎಂಟು ಗಂಟೆಗೆ ಮತದಾನ ಮುಗಿಯುತ್ತದೆ. ಅಷ್ಟರೊಳಗೆ ಚೀಲ ಸಿಗದಿದ್ದರೆ ಅದರೊಳಗಿನ ನೂರಾರು ವೋಟುಗಳು ಕಸ, ಹುಡುಗಿಗೆ ಜೈಲು.

ಚುನಾವಣಾ ಕೆಲಸದಲ್ಲಿ ಚೀಲ ಹೊರಲು ಎರಡು ಪಕ್ಷದವರು ಜೊತೆಯಲ್ಲಿರಬೇಕು. ಒಬ್ಬರ ಮೇಲೆ ಒಬ್ಬರು ಕಣ್ಣಿಡಲಿ ಅಂತ. ಅವಳು ಒಂದು ಪಕ್ಷ, ನಾನು ಇನ್ನೊಂದು. ಅಮೆರಿಕದ ಅಧ್ಯಕ್ಷರ ವಿಚಾರ ಬಂದರೆ ನಾವಿಬ್ಬರೂ ಹಾವು ಮುಂಗುಸಿ. ಆದರೂ ಆ ಹುಡುಗಿ ಕಳ್ಳಿಯಲ್ಲ. ಒಂದು ಕಾಫಿ ಲೋಟ ಜಾಸ್ತಿ ಕುಡಿದರೂ ಹೇಳಿ ಕುಡಿಯುವವಳು.

"ಅರ್ವಿ, ಇಲ್ಲಿ ನೋಡು ಮಗನೇ."

ಮೂಸಣ್ಣನ ಮೈಯ ತುಪ್ಪಳ ಎಲ್ಲ ಕಡೆ ಬ್ರಷ್ ಹಾಕಿದ ಹಾಗೆ ನಿಂತಿತ್ತು. ಬಲ ಹೆಗಲ ಮೇಲೆ ಮಾತ್ರ ಒಂದು ಅಂಗೈಯಗಲ ಚಪ್ಪಟೆಯಾಗಿ ಮಲಗಿತ್ತು. ಭಾರದ್ದೇನೋ ಹೊತ್ತ ಗುರುತು.

ಅರ್ವಿ ಟಾರ್ಚ್ ಹಿಡಿದು ನೋಡಿದ. ವಿಶ್ವವಿದ್ಯಾಲಯದ ಪೊಲೀಸ್ ಅವನು. ಅವರ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಹುಟ್ಟಿದಾಗ ಅವನ ಅಳು ಕೇಳಿ ಸರೋವರದ ಆಚೆ ದಡದ ಕೆನಡಾದವರು ಎದ್ದು ಕೂತಿದ್ದರು. ಈಗ ಮೀಸೆ ನರೆತಿದೆ.

"ಮೆರವಣಿಗೇಲಿ ಎಷ್ಟು ಹುಡುಗ್ರನ್ನ ಹೆಗಲ ಮೇಲೆ ಕೂರಿಸ್ಕೊಂಡನೋ ಏನೋ," ಅಂದ.

"ಒಳಗೆ ಯಾರಿದ್ರು ಅಂತ ಕೇಳೋಣ."

"ಚಿಕ್ಕಮ್ಮ! ನೀವು ಈ ಊರಿನವರೇ ತಾನೆ? ಮೂಸಣ್ಣನೊಳಗೆ ಯಾರು ಅಂತ ಯಾರಾದ್ರೂ ಕೇಳ್ತಾರಾ?"

ಅದೂ ನಿಜ. ಯಾರೂ ಕೇಳುವುದಿಲ್ಲ. ಮೂಸಣ್ಣ ಮಾತಾಡುವುದಿಲ್ಲ, ಯಾರ ಎದುರೂ ತಲೆ ತೆಗೆಯುವುದಿಲ್ಲ. ಒಳಗಿನವರು ಯಾರೆಂದು ಗೊತ್ತಾಗುವುದು ಪದವಿ ಪ್ರದಾನದ ದಿನವೇ. ಕಪ್ಪು ನಿಲುವಂಗಿಯ ಕೆಳಗೆ ಮೂಸಣ್ಣನ ದೊಡ್ಡ ಗೊರಸು ಹಾಕಿಕೊಂಡು ಯಾರೋ ದಡಬಡ ವೇದಿಕೆಗೆ ಬರುತ್ತಾರೆ. ಆಗ ಸಭೆಯೆಲ್ಲ ಎದ್ದು ಕೂಗುತ್ತದೆ, ಅವರಮ್ಮ ಅಳುತ್ತಾಳೆ. ಅದಕ್ಕೆ ಮುಂಚೆ ಬಾಯಿಬಿಟ್ಟರೆ ವೇಷವೂ ಹೋಯಿತು, ಅದಕ್ಕೆ ಸಿಗುವ ವಿದ್ಯಾರ್ಥಿವೇತನವೂ ಹೋಯಿತು.

ನಾನು ಮೆಟ್ಟಿಲು ಹತ್ತಿದೆ.

ಮೇಲಿನ ಸಭಾಂಗಣದಲ್ಲಿ ವೋಟಿನ ಸಾಲು ಬಾಗಿಲು ದಾಟಿ, ಕಾರಂಜಿ ಸುತ್ತಿ, ಚಂದ್ರನವರೆಗೆ ಹೋಗಿತ್ತು. ಯಾರೋ ಪುಣ್ಯಾತ್ಮರು ಪಿಜ್ಜಾ ಹಂಚುತ್ತಿದ್ದರು. ತೊಡೆಯುದ್ದದ ಎರಡು ನಾಯಿಗಳು ನೆಲದಲ್ಲಿ ಬಿದ್ದುಕೊಂಡು ಹೊಟ್ಟೆ ಸವರಿಸಿಕೊಳ್ಳುತ್ತಿದ್ದವು. ಮಕ್ಕಳಿಗೆ ಚುನಾವಣೆಯ ದಿನ ಎದೆ ಡವಡವ ಅನ್ನುತ್ತದಂತೆ, ನಾಯಿ ಮುಟ್ಟಿದರೆ ಸರಿಹೋಗುತ್ತದಂತೆ. ನನ್ನ ಎದೆಗೆ ಆವತ್ತು ಎರಡು ನಾಯಿ ಸಾಲುತ್ತಿರಲಿಲ್ಲ.

ಡೀನ್ ಪ್ರೆಸ್ಕಾಟ್ ಧ್ವನಿವರ್ಧಕ ಹಿಡಿದು ಓಡಾಡುತ್ತಿದ್ದರು. ಉದ್ದ ಮನುಷ್ಯ. ಬಗ್ಗಿ ಮಾತಾಡಿದರೆ ಟೋಪಿ ನನ್ನ ಕಾಫಿಗೆ ಬೀಳುತ್ತದೆ.

"ಮಿಸೆಸ್ ಕೆಟೋಲಾ! ಈ ಸಲ ಕಪ್ ನಮಗೇ! ಇಷ್ಟು ಮಂದಿ ವೋಟ್ ಹಾಕಿದ ವಿಶ್ವವಿದ್ಯಾಲಯ ಈ ಕಡೆ ಇನ್ನೊಂದಿಲ್ಲ!"

"ಹಾಕಿದ್ದು ಎಣಿಕೆಗೆ ಬಂದರೆ ತಾನೆ ಕಪ್? ಸ್ವಾಮಿ, ಗ್ರಂಥಾಲಯದ ಪೆಟ್ಟಿಗೇಲಿ ಹಾಕಿದ ಮಕ್ಕಳಿಗೆಲ್ಲ ಈಗಲೇ ಫೋನಿಗೆ ಸಂದೇಶ ಕಳಿಸಿ. ನಿಮ್ಮ ವೋಟು ತಲುಪಿಲ್ಲ, ಎಂಟರೊಳಗೆ ಬಂದು ಸಹಿ ಮಾಡಿ, ಇಲ್ಲೇ ಹೊಸದಾಗಿ ಹಾಕಿ ಅಂತ. ಕಾನೂನಲ್ಲಿ ಅದಕ್ಕೆ ದಾರಿ ಇದೆ."

ಅವರ ಮುಖದ ನಗು ಕರಗಿತು. "ಪೊಲೀಸರು ಬೇಡ ಅಂದಿದ್ದಾರೆ. ತನಿಖೆ ಕೆಡುತ್ತಂತೆ."

"ತನಿಖೆ ನಾಳೆನೂ ಮಾಡಬಹುದು. ವೋಟು ನಾಳೆ ಹಾಕಕ್ಕಾಗುತ್ತಾ?"

"ನನ್ನ ಕೈಯಲ್ಲಿ ಇಲ್ಲ ಅಮ್ಮಾ. ಪೊಲೀಸರು ಒಂದು ಮಾತು ಹೇಳಲಿ, ಮರುಕ್ಷಣ ಕಳಿಸ್ತೀನಿ. ಬೆರಳು ಗುಂಡಿ ಮೇಲೇ ಇದೆ."

ಆ ಮಕ್ಕಳೆಲ್ಲ ಈಗ ಹಾಸ್ಟೆಲಿನಲ್ಲಿ ಕಾಲು ಚಾಚಿ, ಎದೆಗೆ 'ನಾನು ವೋಟ್ ಹಾಕಿದೆ' ಎಂಬ ಚೀಟಿ ಅಂಟಿಸಿಕೊಂಡು, ಟಿವಿಯಲ್ಲಿ ನಕಾಶೆ ಕೆಂಪೋ ನೀಲಿಯೋ ಎಂದು ನೋಡುತ್ತ ಕೂತಿದ್ದರು. ಹಾಕಿದೆ ಅಂತ ಅವರು ಅಂದುಕೊಂಡಿದ್ದರು, ಅಷ್ಟೆ.

ಅಧ್ಯಕ್ಷರೊಬ್ಬರದೇ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಅದೇ ಕಾಗದದ ಕೆಳಗೆ ನಮ್ಮ ಐರನ್ ಕೋವ್ ಊರಿನ ಪ್ರಶ್ನೆಯೂ ಇತ್ತು: ಮುಚ್ಚಿದ ಕಬ್ಬಿಣದ ಗಣಿಯನ್ನು ಮತ್ತೆ ತೆರೆಯಬೇಕೇ? ಊರಿನವರ ಅಂಗಳದಲ್ಲೆಲ್ಲ 'ಬೇಕು' ಅನ್ನುವ ಫಲಕ. ಹುಡುಗರ ಕಿಟಕಿಯಲ್ಲೆಲ್ಲ 'ಬೇಡ, ಸರೋವರ ಉಳಿಸಿ'. ಎರಡೂ ಕಡೆಯ ಬಲ ಕೂದಲೆಳೆಯಷ್ಟೇ ಹೆಚ್ಚುಕಡಿಮೆ. ಆ ಒಂದು ಚೀಲ ತಕ್ಕಡಿಯನ್ನು ನೆಲಕ್ಕೆ ತಾಗಿಸುವಷ್ಟು ಭಾರವಿತ್ತು.

ಸಾಲಿನಲ್ಲಿ ನೀಲಿ ಕೂದಲಿನ ಒಬ್ಬ ಹುಡುಗನೂ ಪಾಸ್ಟಿ ಅನ್ನುವ ಮಾಂಸದ ಕಡುಬು ತಿನ್ನುತ್ತಿದ್ದ ಒಬ್ಬ ಹುಡುಗಿಯೂ ನಿಂತಿದ್ದರು. ಇಬ್ಬರೂ ಬೆಳಿಗ್ಗೆ ಮೆರವಣಿಗೆಯಲ್ಲಿದ್ದವರು. ಆಗ ತುತ್ತೂರಿ ಊದುವ ಪಾಳಿ, ಈಗ ವೋಟಿನ ಪಾಳಿ.

"ಮಕ್ಕಳೇ, ಬೆಳಿಗ್ಗೆ ಚೀಲ ಹೊತ್ತು ಹೋದೋರನ್ನ ಯಾರನ್ನಾದ್ರೂ ನೋಡಿದ್ರಾ?"

"ಇಲ್ಲ ಅಜ್ಜಿ. ಪೊಲೀಸರೂ ಕೇಳಿದ್ರು."

"ನನ್ನನ್ನ ಎತ್ತಿ ಗಿರಗಿರ ತಿರುಗಿಸಿದ್ನಲ್ಲ ಮೂಸಣ್ಣ, ಅದನ್ನ ನೋಡಿದ್ರಾ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. "ನೋಡಿದೆವಾ? ಇಡೀ ಅಮೆರಿಕ ನೋಡಿದೆ ಅಜ್ಜಿ! ನಿಮ್ಮ ಕಾಲು ಗಾಳೀಲಿ ಹೊಡ್ಕೋತಿತ್ತು. ಕನ್ನಡಕ ಹಾರಿ ಹಿಮಕ್ಕೆ ಬಿತ್ತು."

"ಬಿತ್ತು. ನಾನು ಕುರುಡಿ ಥರ ಮೊಣಕಾಲೂರಿ ಹುಡುಕ್ತಿದ್ದೆ. ಆಗ ಮೂಸಣ್ಣ ಎಲ್ಲಿಗೆ ಹೋದ?"

"ಆವಾಗ್ಲಾ?" ಹುಡುಗಿ ಪಾಸ್ಟಿ ನುಂಗಿದಳು. "ಕ್ರಿಸ್‌ಮಸ್ ತಾತನ ಥರ ಹೆಗಲಿಗೆ ಮೂಟೆ ಏರಿಸ್ಕೊಂಡು, ಗುಡ್ಡ ಇಳಿದು ಪಾರ್ಕಿಂಗ್ ಕಡೆ ಹೋದ. ಸಖತ್ತಾಗಿತ್ತು. ನಾವೆಲ್ಲ 'ವೋಟು! ವೋಟು!' ಅಂತ ಚಪ್ಪಾಳೆ ತಟ್ಟಿದ್ವಿ. ನನ್ನ ಕೈಗೂ ಒಂದು ತಟ್ಟಿದ."

ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು.

"ಈಗ ತಾನೆ ಚೀಲ ಹೊತ್ತೋರನ್ನ ನೋಡಿಲ್ಲ ಅಂದ್ರಿ!"

"ಯಾವ ಮನುಷ್ಯರನ್ನೂ ನೋಡಿಲ್ಲ," ಅಂದ ನೀಲಿ ಕೂದಲಿನವನು, ನನಗೇ ಬುದ್ಧಿ ಇಲ್ಲವೆಂಬಂತೆ. "ಮೂಸಣ್ಣ ಮೂಸಣ್ಣ ಅಲ್ವಾ ಅಜ್ಜಿ?"

ಹಾಡಹಗಲು. ಬ್ಯಾಂಡು ಬಾರಿಸುತ್ತ, ಚಪ್ಪಾಳೆ ಹೊಡೆಯುತ್ತ, ಇಡೀ ವಿಶ್ವವಿದ್ಯಾಲಯ ಕಳ್ಳನನ್ನು ಬೀಳ್ಕೊಟ್ಟಿತ್ತು. ಯಾರಿಗೂ ಒಬ್ಬ ಮನುಷ್ಯ ಕಾಣಲಿಲ್ಲ. ಅವರನ್ನು ಬೈಯಲೇ? ಅಪ್ಪಿಕೊಂಡಾಗ ನನಗೂ ಕಂಡಿರಲಿಲ್ಲ.

ನಾನು ಮೆಟ್ಟಿಲಿಳಿದ ರಭಸಕ್ಕೆ ನನ್ನ ಮೊಣಕಾಲು ನನ್ನನ್ನು ಬೈದದ್ದು ಮೂರು ಜಿಲ್ಲೆಗೆ ಕೇಳಿರಬೇಕು.

ಪೊಲೀಸ್ ಕೋಣೆಯಲ್ಲಿ ಅರ್ವಿ ಇರಲಿಲ್ಲ. ಕಾಫಿ ತರಲು ಹೋಗಿದ್ದ. ಮಾರಿಸೋಲ್ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ನಾನು ಬೆಳಿಗ್ಗೆ ಮನೆಯಿಂದ ತಂದುಕೊಟ್ಟಿದ್ದ ಏಲಕ್ಕಿ ಬ್ರೆಡ್ಡು ಹಾಗೇ ಇತ್ತು. ಚುನಾವಣಾ ಕೆಲಸದವರ ಫೋನೆಲ್ಲ ಮೇಲಿನ ಬುಟ್ಟಿಯಲ್ಲಿ ಇಡಬೇಕು, ಹಾಗಾಗಿ ಅಮ್ಮನಿಗೆ ಒಂದು ಮಾತು ಹೇಳಲೂ ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವರಮ್ಮ ದಕ್ಷಿಣದ ತೋಟಗಳಲ್ಲಿ ಚೆರ್ರಿ ಕೀಳುವವಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ.

ನಾನು ಎದುರಿಗೆ ಕೂತೆ.

"ಮಾರಿಸೋಲ್, ನೀನು ಮೂಸಣ್ಣ ಕಣೇ."

ಅವಳು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು.

"ಸುಳ್ಳು," ಅಂದಳು.

"ನಂಗೆ ವಯಸ್ಸಾಗಿದೆ, ಕಿವಿ ಮಂದ. ಇನ್ನೊಂದ್ಸಲ ಹೇಳು, ಈ ಸಲ ನನ್ನ ಮುಖ ನೋಡ್ಕೊಂಡು."

ಅವಳು ಬ್ರೆಡ್ಡನ್ನು ಆಚೆ ತಳ್ಳಿದಳು.

"ಇನ್ಯಾವುದಕ್ಕೆ ನೀನು ಇಷ್ಟು ಹೊತ್ತು ಬಾಯಿ ಮುಚ್ಚಿ ಕೂರ್ತೀಯ? ಪ್ರಿಯಕರ ಇದ್ದಿದ್ರೆ ಬೆಳಿಗ್ಗೆನೇ ಕಾರಿನಲ್ಲಿ ಹೇಳಿ ನನ್ನ ತಲೆ ತಿಂದಿರ್ತಿದ್ದೆ. ಜೈಲು ಕಣ್ಣೆದುರಿಗಿದ್ರೂ ಹೇಳಬಾರದ ಗುಟ್ಟು ಈ ಊರಲ್ಲಿ ಒಂದೇ ಇರೋದು."

ಅವಳ ಕಣ್ಣು ತುಂಬಿತು. "ಅಜ್ಜಿ, ಆ ಹಣ ಇಲ್ದಿದ್ರೆ ನಾನು ಮುಂದಿನ ತಿಂಗಳೇ ಮನೆಗೆ ಹೋಗ್ಬೇಕು."

"ಬಾಯಿ ಬಿಡದಿದ್ರೆ ಇವತ್ತೇ ಹೋಗ್ತೀಯ, ಮನೆಗಲ್ಲ. ಬೆಳಿಗ್ಗೆ ಒಳಗಿದ್ದದ್ದು ನೀನಲ್ಲ. ನನ್ನ ತಿರುಗಿಸಿದಾಗ ನೀನು ಡಿಕ್ಕಿ ಪಕ್ಕ ನಿಂತಿದ್ದೆ. ಅಂದ್ರೆ ಇಬ್ಬರಿದ್ದೀರಿ."

"ಒಬ್ಬರೇ ಅಷ್ಟು ಹೊತ್ತು ಒಳಗಿರಕ್ಕಾಗಲ್ಲ," ಅಂದಳು ಮೆಲ್ಲಗೆ. "ಸೌನಾದ ಬಿಸಿ ಹಬೇಲಿ ಕಂಬಳಿ ಹೊದ್ದು ಕುಣಿದ ಹಾಗೆ. ಹೋದ ವರ್ಷ ಒಬ್ಬ ಮೂರ್ಛೆ ಹೋಗಿ, ತಲೆ ತೆಗೆಯೋಷ್ಟರಲ್ಲಿ ನೀಲಿಯಾಗಿಬಿಟ್ಟಿದ್ದ. ಆವತ್ತಿಂದ ನಮ್ಮದೊಂದು ಸನ್ನೆ ಇದೆ. ತಡೆಯಕ್ಕಾಗ್ತಿಲ್ಲ ಅನ್ನಿಸಿದ್ರೆ ಎಡಗೊಂಬು ತಟ್ಟಬೇಕು. ಇನ್ನೊಬ್ಬರು ಎಲ್ಲಿದ್ರೂ ಇಲ್ಲಿ ಕೆಳಗಿನ ವೇಷದ ಕೋಣೆಗೆ ಓಡ್ಬೇಕು."

"ತಟ್ಟಿದ."

"ನಿಮ್ಮನ್ನ ಕೆಳಗಿಳಿಸಿದ, ನನ್ನ ಕಡೆ ತಿರುಗಿ ತಟ್ಟಿದ. ನಾನು ಏನ್ಮಾಡ್ಲಿ ಅಜ್ಜಿ? ಅವನು ಸಾಯ್ತಿದ್ದಾನೆ ಅಂದ್ಕೊಂಡೆ. ಚೀಲದ ಹತ್ರ ನೀವಿದ್ದೀರಲ್ಲ ಅಂತ ಓಡಿದೆ. ಬಾಗಿಲು ತೆಗೆದು, ನೀರು ತುಂಬಿಟ್ಟು ಕಾದೆ. ಬರ್ಲಿಲ್ಲ. ದಾರೀಲೇ ಬಿದ್ದನೇನೋ ಅಂತ ವಾಪಸ್ ಓಡಿ ಬಂದೆ. ಬಂದ್ರೆ ನೀವು ಚೀಲ ಎಲ್ಲಿ ಅಂತ ಕೂಗ್ತಿದ್ರಿ."

ಕಳ್ಳ ಅವಳನ್ನು ಅವಳ ಒಳ್ಳೆಯತನ ಹಿಡಿದೇ ಎಳೆದು ದೂರ ಕಳಿಸಿದ್ದ.

"ಯಾರವನು?"

ಅವಳು ತಲೆ ಅಲ್ಲಾಡಿಸಿದಳು. "ನಾವು ಒಬ್ಬರದ್ದೊಬ್ಬರು ಹೇಳಲ್ಲ ಅಂತ ಆಣೆ ಮಾಡಿದ್ದೀವಿ. ಅವನು ಅಂಥವನಲ್ಲ. ಬೇರೆ ಯಾರೋ ಅವನ ಕೈಯಿಂದ ವೇಷ ಕಿತ್ಕೊಂಡಿರಬೇಕು."

"ಸನ್ನೆ ಕೂಡ ಕಿತ್ಕೊಂಡ್ರಾ?"

ಅವಳು ಮುಖ ಆಚೆ ತಿರುಗಿಸಿದಳು.

"ನೋಡು ಮಗಳೇ. ನೀನು ಬೇಸಿಗೆಯಿಂದ ಹಾಸ್ಟೆಲ್ ಹಾಸ್ಟೆಲ್ ತಿರುಗಿ, ಬಾಗಿಲು ಬಡಿದು, ಹೆಸರು ನೋಂದಾಯಿಸಿ ಅಂತ ಗೋಗರೆದೆ. ಆ ಮಕ್ಕಳು ನಿನ್ನ ಮಾತು ನಂಬಿ ಆ ಪೆಟ್ಟಿಗೇಲಿ ಹಾಕಿದ್ರು. ಅವರ ಮೊದಲನೇ ವೋಟು ಅದು. ಎಂಟಕ್ಕೆ ಅದು ಸತ್ತೋಗುತ್ತೆ. ನಾನು ನಿನ್ನ ಪಕ್ಷದವಳಲ್ಲ. ಆ ಚೀಲದಲ್ಲಿ ನನಗೆ ಬೇಕಾದ್ದು ಒಂದು ವೋಟೂ ಇರಲಿಕ್ಕಿಲ್ಲ. ಆದ್ರೂ ಕೇಳ್ತಿದ್ದೀನಿ. ಯಾರವನು?"

ಮೇಲೆ ಕಾಲುಗಳ ಸದ್ದು, ಯಾರದೋ ನಗು.

"ಟೀಮು," ಅಂದಳು.

"ಯಾವ ಟೀಮು?"

"ಟೀಮು ಲಾಂಪಿ. ಅರ್ವಿ ಅಂಕಲ್ ಮಗ."

ಬಾಗಿಲಲ್ಲಿ ಕಾಫಿಯ ವಾಸನೆ ಬಂತು. ತಿರುಗಿದರೆ ಅರ್ವಿ ನಿಂತಿದ್ದ. ಎರಡು ಲೋಟ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಾಫಿಯ ಹಬೆ ಆರಿತ್ತು.

ಅವನು ಒಳಗೆ ಬಂದು ಲೋಟಗಳನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟ.

"ಟೀಮುಗೆ ಜ್ವರ," ಅಂದ. "ನಿನ್ನೆಯಿಂದ ಮಲಗಿದ್ದಾನೆ."

"ಹಾಗಿದ್ರೆ ಒಳ್ಳೇದೇ ಆಯ್ತಲ್ಲೋ. ಮನೆಗೆ ಫೋನ್ ಹಾಕು. ಅವನೇ ಮಾತಾಡ್ಲಿ."

"ಮಲಗಿದ್ದಾನೆ ಅಂದ್ನಲ್ಲ ಚಿಕ್ಕಮ್ಮ."

"ಅಂಕಲ್," ಅಂದಳು ಮಾರಿಸೋಲ್, "ಬೆಳಿಗ್ಗೆ ವೇಷ ಹಾಕಕ್ಕೆ ನಾನೇ ಸಹಾಯ ಮಾಡ್ದೆ. ಬೆನ್ನಿನ ಜಿಪ್ಪು ಎಳೆದಿದ್ದು ನಾನು. ಚೆನ್ನಾಗೇ ಇದ್ದ. ಆದ್ರೆ ನನ್ನ ಮುಖ ನೋಡ್ಲಿಲ್ಲ."

ಅರ್ವಿ ಅವಳನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

"ಸರಿ," ಅಂದೆ. "ಹುಡುಗ ಬುದ್ಧಿ, ಏನೋ ಮಾಡಿದ್ದಾನೆ. ನಿನ್ನ ಮಗ ಅಂದ್ಮೇಲೆ ನನ್ನ ಮೊಮ್ಮಗನೇ. ಬೆನ್ನಿಗೆ ನಾಲ್ಕು ಬಾರಿಸಿ ಚೀಲ ತರಿಸೋಣ. ಅದಕ್ಕೆ ಮುಂಚೆ ನೀನು ಮೇಲೆ ಹೋಗಿ ಡೀನ್‌ಗೆ ಒಂದು ಮಾತು ಹೇಳು, ಆ ಸಂದೇಶ ಹೋಗ್ಲಿ. ಪೊಲೀಸರು ಬೇಡ ಅಂದ್ರಂತೆ. ಯಾವ ಪೊಲೀಸಿಗೆ ತಲೆ ಕೆಟ್ಟಿತ್ತೋ."

ಅವನು ಕುರ್ಚಿ ಎಳೆದು ಕೂತ. ಕೈಯಿಂದ ಮುಖ ಉಜ್ಜಿಕೊಂಡ.

"ಚಿಕ್ಕಮ್ಮ, ಊನೋ ಚಿಕ್ಕಪ್ಪ ಗಣಿ ಮುಚ್ಚಿದ ವರ್ಷ ಹೇಗಿದ್ರು, ನೆನಪಿದ್ಯಾ? ಬೆಳಿಗ್ಗೆ ಎದ್ದು ಬೂಟು ಹಾಕ್ಕೊಂಡು ಮೆಟ್ಟಿಲ ಮೇಲೆ ಕೂರೋರು. ಹೋಗೋ ಜಾಗ ಇಲ್ಲ. ನಮ್ಮಪ್ಪನೂ ಹಾಗೇ ಹೋದ. ಈ ಮಕ್ಕಳು ನಾಲ್ಕು ವರ್ಷ ಇರ್ತಾರೆ. ಸರೋವರದ ಫೋಟೋ ತೆಗೀತಾರೆ. ಗಣಿ ಬೇಡ ಅಂತ ಗುರುತು ಹಾಕಿ, ಗಂಟು ಕಟ್ಕೊಂಡು ಹೊರಟುಹೋಗ್ತಾರೆ. ಇಲ್ಲಿ ಇರೋರು ಯಾರು? ಟೀಮು ಓದು ಮುಗಿಸಿ ಎಲ್ಲಿಗೆ ಹೋಗ್ಬೇಕು?"

"ಅದಕ್ಕೇ ನಾನೂ 'ಬೇಕು' ಅಂತ ಹಾಕಿದ್ದು ಕಣೋ," ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು. "ಅವರು 'ಬೇಡ' ಅಂತ ಹಾಕಲಿ, ಆಮೇಲೆ ಎಣಿಸಲಿ. ಸೋತ್ರೆ ಸೋತ್ವಿ. ಈ ಹುಡುಗಿ ಜೈಲಿಗೆ ಹೋಗೋದು ಯಾವ ನ್ಯಾಯ?"

"ಇವಳಿಗೆ ಏನೂ ಆಗಲ್ಲ. ನಾನು ನೋಡ್ಕೋತೀನಿ. ಯಾರಿಗೂ ಏನೂ ಆಗಲ್ಲ. ನಾಳೆ ಚೀಲ ಎಲ್ಲೋ ಸಿಗುತ್ತೆ. ಒಂದು ಕಾಗದಾನೂ ಹರಿದಿರಲ್ಲ. ಅದನ್ನ ಬಿಚ್ಚೇ ಇಲ್ಲ."

ಕೋಣೆಯಲ್ಲಿ ಹೀಟರ್ ಕಟಕಟ ಅನ್ನುತ್ತಿತ್ತು.

ನಾನು ಮಾರಿಸೋಲಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ಅವಳ ಕೈ ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿಯಿತು, ಮಂಜುಗಡ್ಡೆಯ ಹಾಗಿತ್ತು.

"ಅರ್ವಿ," ಅಂದೆ. "ಬೆಳಿಗ್ಗೆಯಿಂದ ಆ ಚೀಲ ಯಾರ ಕಣ್ಣಿಗೂ ಬಿದ್ದಿಲ್ಲ. ಬಿಚ್ಚಿಲ್ಲ ಅಂತ ನಿಂಗೆ ಹ್ಯಾಗೆ ಗೊತ್ತು?"

ಅವನು ಗೋಡೆಯ ಗಡಿಯಾರ ನೋಡಿದ. ಏಳೂ ಕಾಲು.

ಎದ್ದು ಬಾಗಿಲ ಹತ್ತಿರ ಹೋದ. ನಾನು ಅಂದುಕೊಂಡೆ, ನಾಚಿಕೆಯಾಗಿ ಹೊರಗೆ ಹೋಗುತ್ತಿದ್ದಾನೆ, ಮೆಟ್ಟಿಲು ಹತ್ತಿ ಡೀನ್‌ಗೆ ಹೇಳುತ್ತಾನೆ, ಎಷ್ಟೆಂದರೂ ನಮ್ಮ ಹುಡುಗ.

ಅವನು ಒಳಗಿನಿಂದ ಬೀಗ ಹಾಕಿ, ಕೀಲಿ ಜೇಬಿಗೆ ಇಳಿಸಿದ. ಮೇಜಿನ ಮೇಲಿದ್ದ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತ. ಆಮೇಲೆ ಕುರ್ಚಿಯನ್ನು ಬಾಗಿಲಿಗೆ ಒತ್ತಿ, ನಮ್ಮ ಎದುರಿಗೆ ಕೂತ. ಸೊಂಟದ ಪಿಸ್ತೂಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕಾಫಿ ಕುಡೀರಿ ಚಿಕ್ಕಮ್ಮ," ಅಂದ. "ಎಂಟು ಗಂಟೆ ಆಗ್ಲಿ."